ನನಗೆ ಸಿಕ್ಕ ಊರು

ಧಾರವಾಡ
೧೪ ಜುಲೈ ೧೯೬೫

ಅಪ್ಪಾ, ನಿಮ್ಮ ಗುಡ್ಡವ್ವನ ನಮಸ್ಕಾರ.

ನಮ್ಮ ಸಮಾಜಕಾರ್ಯ ತರಗತಿಯವರಿಗೆಲ್ಲ ಕ್ಷೇತ್ರಕಾರ್ಯದ ಊರುಗಳನ್ನು ಹಂಚಿದ್ದಾರೆ. ನನಗೆ ಸಿಕ್ಕಿದ್ದು ನಮ್ಮದೇ ಊರು. ನನ್ನನ್ನು ಶಾಲೆಗೆ ಹಾಕಿದ್ದಕ್ಕೆ ನಿಮ್ಮನ್ನು ಹೊಡೆದು ನಮ್ಮನ್ನು ಓಡಿಸಿದ ಊರು. ಸೋಮವಾರದಿಂದ ನಾನು ಅಲ್ಲಿ ಮನೆಮನೆಗೆ ಹೋಗಿ, ಶಾಲೆಗೆ ಹೋಗದ ಮಕ್ಕಳ ಹೆಸರು ಬರೆದುಕೊಳ್ಳಬೇಕು. ಮೊದಲು ಪಂಚಾಯತಿ ಚೇರಮನ್ನರ ಒಪ್ಪಿಗೆ ಪಡೆಯಬೇಕು. ಈಗಿನ ಚೇರಮನ್ನರು ಅಂದು ನಿಮ್ಮನ್ನು ಹೊಡೆಸಿದ ಅದೇ ಗೌಡರು.

ನನಗೆ ಅಂಜಿಕೆಯಾಯಿತು. ಗುರುಗಳಿಗೆ ಎಲ್ಲ ಹೇಳಿದೆ.

"ಅಂಜಿಕಿ ಇದ್ರ ಬ್ಯಾರೆ ಊರು ಕೊಡ್ತೇನವ್ವಾ. ನಿನ್ನ ಬದಲಿ ಮಾಳಮಡ್ಡಿ ಬ್ರಾಹ್ಮಣರ ಹುಡುಗೀನ್ನ ಕಳಸ್ತೇನಿ" ಎಂದರು.

"ಆಕಿ ಊರ ಹೊರಗಿನ ನಮ್ಮ ಕೇರ್ಯಾಗ ಕಾಲಿಡ್ತಾಳೇನ್ರಿ?" ಎಂದು ಕೇಳಿದೆ.

"ಹಂಗಾರ ನಾನ ಹೋಕ್ಕೇನ್ರಿ" ಎಂದುಬಿಟ್ಟೆ. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆಯೇ ಕುಳಿತೆ.

ಅವ್ವನಿಗೆ ಊರಿನ ಹೆಸರು ಹೇಳಬೇಡಿ. ನನ್ನನ್ನು ತಡೆಯಲು ಹುಬ್ಬಳ್ಳಿಯಿಂದ ಬರಬೇಡಿ. ನೀವು ಬಂದರೆ ನಾನು ನಿಮ್ಮೊಡನೆ ಹೊರಟುಬಿಡುತ್ತೇನೆ. ಆ ಊರಲ್ಲಿ ನನಗೆ ಬಾಯಾರಿದರೆ ಯಾರ ಮನೆಯಲ್ಲಿ ನೀರು ಕೇಳಬಹುದು ಎಂಬುದನ್ನಷ್ಟೇ ಶನಿವಾರದೊಳಗೆ ಬರೆದು ತಿಳಿಸಿ.

ನಿಮ್ಮ ಮಗಳು,
ಗುಡ್ಡವ್ವ