ಗೋಡೆಯಾಚೆಯ ನದಿ

ಮೇ 6

ನೀಲಿ ಬಣ್ಣ ಮತ್ತೆ ಸಾಲಲಿಲ್ಲ. ನದಿಯ ತಿರುವು ನಾಳೆಗೆ. ಊರಿನ ಅರ್ಧದಷ್ಟು ಹೆಂಗಸರು ಕುಂಚ ಹಿಡಿದಿದ್ದಾರೆ. ರೇಲೀನ್, ನನ್ನ ಚಿಕ್ಕಮ್ಮನ ಮಗಳು, ನಾನು ಬರೆದದ್ದನ್ನು ನೋಡಿ, "ವರ್ನಾ, ಇದು ಮೀನಾ, ನಿನ್ ಗಂಡನ ಮುಖಾನಾ?" ಅಂದಳು. ನಕ್ಕು ನಕ್ಕು ಸಾಕಾಯಿತು.

ಈ ಗೋಡೆಯ ಹತ್ತಿರ ನಗುವುದು... ಬಿಳಿಯರ ಸರ್ಕಾರ ನಮ್ಮ ಮೂಲನಿವಾಸಿ ಜನರ ಮಕ್ಕಳನ್ನು ತಾಯಂದಿರಿಂದ ಕಿತ್ತುತಂದು ಕೂಡಿಹಾಕಿದ್ದ ಹಾಸ್ಟೆಲ್ ಇದು. ಕಟ್ಟಡ ಹೋಯಿತು. ನದಿಯ ಕಡೆಯ ಗೋಡೆ ಉಳಿದಿದೆ. ಅದರ ಹೊರಮೈಗೇ ನಮ್ಮ ಚಿತ್ರ.

ಇಲ್ಮಾ ಆಂಟಿ ಇವತ್ತೂ ಬರಲಿಲ್ಲ. ಒಳಗೆ ಬೆಳೆದವರಲ್ಲಿ ಉಳಿದಿರುವವರು ಅವರೊಬ್ಬರೇ.

ಮೇ 7, ಸಂಜೆ

ಕುಂಚ ತೊಳೆಯುತ್ತಿದ್ದೆ. ಗೋಡೆಯ ಒಳಗಡೆ ಮಕ್ಕಳ ದನಿ. ಸುತ್ತಿ ಹೋಗಿ ನೋಡಿದೆ — ಬರೀ ಹುಲ್ಲು. ರೇಲೀನ್ ತಲೆ ಎತ್ತಲಿಲ್ಲ. ತೊಳೆದಿದ್ದ ಕುಂಚವನ್ನೇ ಮತ್ತೆ ತೊಳೆಯುತ್ತಿದ್ದಳು.

ಮೇ 15

ಇಷ್ಟು ದಿನ ಆ ಕಡೆ ಹೋಗಲಿಲ್ಲ. ಮಣಿಕಟ್ಟು ನೋವೆಂದು ಸುಳ್ಳು ಹೇಳಿದೆ. ಕೊನೆಗೆ ಆಂಟಿಯ ಮನೆಗೆ ಹೋಗಿ ಮಕ್ಕಳ ದನಿ ಕೇಳಿದ್ದನ್ನು ಹೇಳಿಬಿಟ್ಟೆ.

"ಅಳ್ತಿದ್ರಾ, ಕರೀತಿದ್ರಾ?"

"ಕರೀತಿದ್ರು, ಆಂಟಿ."

ಟೀ ಕೆಳಗಿಟ್ಟರು. "ನನ್ ತಂಗಿ ಪರ್ಲೀ ಅಲ್ಲೇ ಜ್ವರ ಬಂದು ಹೋದ್ಲು. ಅಷ್ಟು ಹತ್ರ ಇದ್ರೂ ನದಿ ನೋಡೋಕ್ ಬಿಡ್ಲಿಲ್ಲ ಕಣೇ."

ಮೇ 16

ಆಂಟಿ ಬಂದರು! ಚಿತ್ರದ ಮುಂದೆ ತುಂಬ ಹೊತ್ತು ನಿಂತರು.

"ನದಿ ಚೆನ್ನಾಗೇ ಬರ್ದಿದೀರ. ಒಳಗಿರೋ ಮಕ್ಳು ಅದಕ್ಕೆ ಇಳಿದು ಬರೋದೆಲ್ಲಿಂದ? ಗೋಡೆ ಒಡೀರಿ."

"ಆಂಟಿ, ಬಣ್ಣಾನೇ ಒಣಗಿಲ್ಲ!" — ರೇಲೀನ್.

ಈ ಚಿತ್ರ ಬರೆಸುತ್ತಿರುವ ಪುರಸಭೆಯವನು ಓಡಿಬಂದ. ಉದ್ಘಾಟನೆ ಹತ್ತಿರ ಬಂತು, ಗೋಡೆ ಮುಟ್ಟುವ ಹಾಗಿಲ್ಲ ಅಂದ.

"ನೀನ್ ಮುಟ್ಬೇಡಪ್ಪ. ನಾವ್ ಮುಟ್ತೀವಿ."

ಮೇ 17

ಮೊದಲ ಸುತ್ತಿಗೆ ಏಟು ನನ್ನದೇ. ನನ್ನ ನದಿಯ ನಟ್ಟನಡುವೆ. ನೀಲಿ ಚೂರುಗಳು ಉದುರಿದವು, ನಿಲ್ಲಿಸಲಿಲ್ಲ. ಪುರಸಭೆಯವನು ಕಾರಿನಲ್ಲೇ ಕೂತಿದ್ದ, ಇಳಿಯಲಿಲ್ಲ. ಬಾಗಿಲಿನಷ್ಟು ದಾರಿಯಾಯಿತು. ಸತ್ತವರನ್ನು ಕಳಿಸಿಕೊಡಲು ನಮ್ಮವರು ಹಾಕುವ ಹಾಗೆ ನೀಲಗಿರಿ ಎಲೆಯ ಹೊಗೆ ಹಾಕಿದೆವು. ಆಂಟಿ ಕೂತು ಅಲ್ಲೇ ತೀರಿಹೋದ ಮಕ್ಕಳ ಒಂದೊಂದೇ ಹೆಸರು ಕರೆದರು. ಪ್ರತಿ ಹೆಸರಿಗೂ ಒಳಗಿನ ಹುಲ್ಲು ಅಲುಗಿತು. ಗಾಳಿ ಇರಲಿಲ್ಲ.

ಪರ್ಲೀ ಅಂದರು. ಹುಲ್ಲು ಅಲುಗಲಿಲ್ಲ. ಮತ್ತೆ ಕರೆದರು. ಇಲ್ಲ.

"ಹೆದರಿದಾಳೆ," ಎಂದು ತಾವೇ ಒಳಗೆ ಹೋದರು. ಬರುವಾಗ ಬಲಗೈ ತಗ್ಗಿಸಿ ಹಿಡಿದಿದ್ದರು, ಬೆರಳು ಮಡಚಿ, ಪುಟ್ಟ ಕೈಯೊಂದನ್ನು ಹಿಡಿದ ಹಾಗೆ. ದಾರಿ ಬಿಟ್ಟೆವು. ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ ನದಿಗಿಳಿದರು.

"ತಣ್ಣಗಿದೆ ಅಲ್ವೇನೇ?"

ಪಕ್ಕಕ್ಕೆ ಬಗ್ಗಿ ಕೇಳಿಸಿಕೊಂಡರು. ನಕ್ಕರು. ನಾನು ಗೋಡೆಯ ಹತ್ತಿರವೇ ನಿಂತಿದ್ದೆ. ಅಷ್ಟು ದೂರದಿಂದ ನನಗೂ ಕೇಳಿಸಿತು, ಪುಟ್ಟ ಹುಡುಗಿಯೊಬ್ಬಳ ನಗು.