ಚಂಪಾಳಿಗಾಗಿ ಮನೆ ತೋರಿಸಿದ್ದು

ಅವ್ವಾ,

ನೀನು ಹೋದ ಮೇಲೆ ಈ ಮನೆಗೆ ಇನ್ನೊಂದು ಜೀವವನ್ನು ಕರೆತಂದಿರಲಿಲ್ಲ. ಈಗ ತಂದಿದ್ದೇನೆ. ನಾಯಿ. ಹುಮನಾಬಾದಿನ ಹೊರಗೆ, ಹೆದ್ದಾರಿಯ ಪಕ್ಕ, ಗಾಯಗೊಂಡ ಮತ್ತು ಯಾರೋ ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಒಂದು ಆಶ್ರಯವಿದೆ, ಅಲ್ಲಿಂದ ಬಂದವಳು. ಹೆಸರು ಚಂಪಾ. ಲಿಂಗಪೂಜೆಯ ಮನೆಯಲ್ಲಿ ನಾಯಿಯೇ ಎಂದು ನೀನು ಕೇಳುತ್ತೀ, ಗೊತ್ತು. ಪೂಜೆಯ ಗೂಡು ಎತ್ತರದಲ್ಲಿದೆ, ಚಂಪಾ ಗಿಡ್ಡಗಿದ್ದಾಳೆ. ಅಷ್ಟು ಸಾಲದೇ? ಮೊದಲಿಂದ ಹೇಳುತ್ತೇನೆ. ಇದರಲ್ಲಿ ನಿನ್ನ ಪಾಲೂ ಇದೆ.

ದೀಪಾವಳಿ ಕಳೆದ ಮೇಲಿನ ಒಂದು ಶನಿವಾರ ನಮ್ಮ ಕಾಲೇಜಿನ ಹುಡುಗಿಯರು ಆಶ್ರಯ ಸ್ವಚ್ಛ ಮಾಡಲು ಹೋದರು, ಜತೆಗೆ ನಾನೂ ಹೋದೆ. ಗೇಟು ತೆರೆದ ಕೂಡಲೆ ಎಲ್ಲ ನಾಯಿಗಳೂ ಮೈಮೇಲೆ ಬಿದ್ದವು. ಒಬ್ಬಳು ಮಾತ್ರ ಬೇವಿನ ಗಿಡದ ಕೆಳಗೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತಾಯಿ ಬೀದಿಯದು, ತಂದೆ ಯಾವುದೋ ಬಂಗಲೆಯ ದೊಡ್ಡ ಜಾತಿಯದು ಇರಬೇಕು. ತಲೆ ಆ ಕಡೆಯದು, ಕಾಲು ಈ ಕಡೆಯವು. ಎರಡನ್ನೂ ಅವಸರದಲ್ಲಿ ಜೋಡಿಸಿದಂತೆ. ಹಳ್ಳಿಖೇಡದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿಗೆ ಹಿಂಗಾಲು ಸಿಕ್ಕಿದ್ದರಿಂದ ತುಸು ಕುಂಟುತ್ತಾಳೆ. ನಾನು ಹತ್ತಿರ ಹೋದೆ. ಒಮ್ಮೆ ನೋಡಿದಳು, ಮತ್ತೆ ಗೋಡೆಯ ಕಡೆ ತಿರುಗಿದಳು. ಯಾರನ್ನೂ ಮೆಚ್ಚಿಸುವ ಗೊಡವೆಗೆ ಹೋಗದ ಇಂಥ ಜೀವವನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಆಶ್ರಯ ನಡೆಸುವ ಮಾಲನಬಾಯಿ ಹುಲಸೂರ ಕಡೆಯವರು. ಕನ್ನಡ ಆಡುತ್ತ ಆಡುತ್ತ ಮರಾಠಿಗೆ ದಾಟಿ, ಮತ್ತೆ ಹಿಂದಕ್ಕೆ ಬರುತ್ತಾರೆ. ನಾನು ಕೇಳಿದ ಕೂಡಲೆ ನಾಯಿಯನ್ನು ಕೈಗೆ ಕೊಡಲಿಲ್ಲ. ಮೊದಲು ಮನೆ ನೋಡುತ್ತೇವೆ, ಮನೆಯವರನ್ನು ನೋಡುತ್ತೇವೆ, ಆಮೇಲೆ ಮಾತು ಎಂದರು. ಚಂಪಾಳನ್ನು ಒಮ್ಮೆ ಒಂದು ದೊಡ್ಡ ಮನೆಗೆ ಕೊಟ್ಟಿದ್ದರು, ಆ ಮನೆಯವರು ಬೇಸರವಾದ ಮೇಲೆ ಇದೇ ಗೇಟಿಗೆ ಕಟ್ಟಿ ಹೋಗಿದ್ದರಂತೆ. ಇನ್ನೊಮ್ಮೆ ಹಾಗಾಗುವುದು ಮಾಲನಬಾಯಿಗೆ ಬೇಡ. ನಾನು ಆ ಸಂಜೆ ಬಸವಕಲ್ಯಾಣದಲ್ಲಿರುವ ಅಣ್ಣನಿಗೆ ಫೋನು ಮಾಡಿದಾಗ ಸುಮ್ಮನೆ ಇಷ್ಟು ಹೇಳಿದೆ. ಅಣ್ಣ ಹೇಳಿದ, "ಒಬ್ಬಾಕಿ ಹೆಣ್ಣಮಗಳು, ಎರಡು ಖೋಲಿ ಮನಿ ಅಂದ್ರ ಯಾರೂ ಕೊಡಂಗಿಲ್ಲ ಶಶಿ. ಅವರಿಗೆ ಕಲ್ಯಾಣಕ್ಕ ಬರ್ರಿ ಅನ್ನು. ನಮ್ಮ ಮನಿ ತೋರಿಸೂಣು."

ಮಾಮಾನ ಮನೆ ನೆನಪಿದೆಯಾ ಅವ್ವಾ? ಬಸವಕಲ್ಯಾಣದ ಕಿಲ್ಲೆಯ ಹತ್ತಿರ, ದೊಡ್ಡ ಪಡಸಾಲೆ, ಎರಡು ತೂಗುಮಂಚ. ನನ್ನನ್ನು ನೋಡಲು ಬಂದವರಿಗೆಲ್ಲ ನೀನು ತೋರಿಸಿದ್ದು ಆ ಮನೆಯನ್ನೇ. ನಮ್ಮ ಮನೆ ತೋರಿಸಿದರೆ ಅವರು ಚಪ್ಪಲಿ ಕಳಚುವ ಮೊದಲೇ ತಿರುಗಿ ಹೋಗುತ್ತಾರೆ ಎಂದು ನಿನ್ನ ಲೆಕ್ಕ. ಬೆಳಿಗ್ಗೆಯೇ ನನ್ನನ್ನು ಅಲ್ಲಿಗೆ ಕರೆದೊಯ್ದು, ಅತ್ತೆಯ ಕಪಾಟಿನ ಬೆಳ್ಳಿ ಲೋಟ ತೆಗೆಸಿ, ನಾನು ಅಲ್ಲೇ ಹುಟ್ಟಿ ಬೆಳೆದವಳಂತೆ ಕೂಡಿಸುತ್ತಿದ್ದೆ. ಅವರು ನನ್ನನ್ನು ಕೇಳಿದ ಪ್ರಶ್ನೆಗೆ ನೀನೇ ಉತ್ತರ ಕೊಡುತ್ತಿದ್ದೆ. ಎಂ.ಎ. ಓದಿದ್ದಾಳಂತಲ್ಲ ಎಂದರೆ, "ಸುಮ್ಮ ಹೊತ್ತು ಹೋಗಲಿ ಅಂತ ಓದ್ಯಾಳ್ರಿ" ಎಂದು ನೀನು. ಉಪ್ಪಿಟ್ಟು ತಿಂದು, ಚಹಾ ಕುಡಿದು, ತಿಳಸ್ತೀವಿ ಎಂದು ಹೋಗುತ್ತಿದ್ದರು. ಅವರು ತಿಳಿಸಿದ್ದರೆ ಏನಾಗುತ್ತಿತ್ತೋ... ಬಿಡು. ನನಗೆ ಆಗಲೂ ದುಃಖವಾಗಿರಲಿಲ್ಲ, ಆಯಾಸವಾಗಿತ್ತು. ನಿನಗೆ ಆಗಿದ್ದು ದುಃಖ. ಅದು ನಿನ್ನದು, ನನ್ನದಲ್ಲ ಎಂದು ತಿಳಿಯಲು ನನಗೆ ಎಷ್ಟೋ ವರ್ಷ ಬೇಕಾಯಿತು.

ಆ ರವಿವಾರ ಅಣ್ಣನ ಮನೆಯಲ್ಲಿ ಎಲ್ಲವೂ ಹಾಗೆಯೇ ನಡೆಯಿತು. ಆಶ್ರಯ ಹುಮನಾಬಾದಿನಲ್ಲಿ, ನಾನಿರುವುದೂ ಹುಮನಾಬಾದಿನಲ್ಲಿ. ನನ್ನ ಬಾಗಿಲಿಗೆ ನಡೆದು ಬರಬಹುದಾದ ಮಾಲನಬಾಯಿ ಗಂಡನ ಮೋಟಾರ್ ಸೈಕಲ್ಲಿನಲ್ಲಿ ಬಸವಕಲ್ಯಾಣದವರೆಗೆ ಧೂಳು ಕುಡಿದು ಬಂದರು. ನಿನ್ನ ಸೊಸೆ, ನನ್ನ ವೈನಿ, ಚುರುಮುರಿ ಸುಸ್ಲಾ ಮಾಡಿದ್ದಳು, ಸಿಹಿಗೆ ಸಿರಾ ಮಾಡಿದ್ದಳು, ಸೋಫಾಕ್ಕೆ ಹೊಸ ಹೊದಿಕೆ ಹಾಕಿದ್ದಳು. ನನಗೆ ರೇಷ್ಮೆಯ ಅಂಚಿನ ಸೀರೆ ಉಡಿಸಿ, ನೆರಿಗೆ ಸರಿಮಾಡುತ್ತ ಹೇಳಿದಳು, "ನಾಯಿ ನೋಡಾಕ ಬರಾಕತ್ತಿಲ್ಲ, ನಿಮ್ಮನ್ನ ನೋಡಾಕ ಬರಾಕತ್ತಾರ. ಸ್ವಲ್ಪ ನಗ್ರಿ." ನಾನು ನಕ್ಕೆ. ಯಾಕೆ ಒಪ್ಪಿಕೊಂಡೆ ಎಂದು ಕೇಳಬೇಡ. ಕೆಲವು ಮನೆಗಳ ಹೊಸ್ತಿಲು ದಾಟಿದರೆ ನನ್ನ ವಯಸ್ಸು ತಾನಾಗಿ ಇಳಿದುಬಿಡುತ್ತದೆ.

ಮಾಲನಬಾಯಿಗೆ ಅಂಗಳ ಹಿಡಿಸಿತು, ಗೇಟು ಹಿಡಿಸಿತು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ಅಣ್ಣ ನನ್ನನ್ನೂ ಸೇರಿಸಿ, ತುಂಬಿದ ಮನೆ ಎಂದ. ಒಬ್ಬರಿಲ್ಲದಿದ್ದರೆ ಒಬ್ಬರು ಇದ್ದೇ ಇರುತ್ತಾರೆ ಎಂದ. ವೈನಿ ಮಹಡಿ ಹತ್ತುವ ಜಿನ್ನೆಯ ಕೆಳಗಿನ ಮೂಲೆ ತೋರಿಸಿ ನಾಯಿ ಮಲಗುವುದು ಇಲ್ಲಿ ಎಂದಳು. ಎಲ್ಲ ಮುಗಿದು, ಚಹಾದ ತಾಟನ್ನು ವೈನಿ ನನ್ನ ಕೈಗೆ ಕೊಟ್ಟು ಒಯ್ಯಲು ಹೇಳಿದಳು. ನಾನು ಮಾಲನಬಾಯಿಯ ಮುಂದೆ ಬಗ್ಗಿದಾಗ ಅವರು ಕಪ್ಪು ತೆಗೆದುಕೊಳ್ಳುತ್ತ, ನನ್ನನ್ನು ನೋಡದೆ, ಅಣ್ಣನಿಗೆ ಕೇಳಿದರು, "ಬಾಯೇರು ಏನೂ ಮಾತಾಡವಲ್ಲರು?"

ಅಣ್ಣ ನನಗಾಗಿ ಉತ್ತರ ಕೊಡಲು ಬಾಯಿ ತೆರೆದ. ತಾಟು ಕೆಳಗಿಟ್ಟು ನಾನೇ ಹೇಳಿದೆ.

"ನಾ ಇಲ್ಲಿ ಇರಂಗಿಲ್ರಿ. ಹುಮನಾಬಾದದಾಗ ಇರ್ತೀನಿ. ಒಬ್ಬಾಕೀನೇ."

ಮಾಲನಬಾಯಿ ಅಂಗಳದ ಕಡೆ ನೋಡಿದರು, ಜಿನ್ನೆಯ ಕಡೆ ನೋಡಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಹಂಗಾರ ನಾವು ನೋಡಿದ್ದು ಯಾರ ಮನಿ?"

ಅವರು ಚಹಾ ಪೂರ್ತಿ ಕುಡಿದು, ಸುಸ್ಲಾ ಛಲೋ ಆಗಿದೆ ಎಂದು ವೈನಿಗೆ ಹೇಳಿ, ಹೊರಡುವಾಗ ಅದೇ ಮಾತು ಅಂದರು. ತಿಳಸ್ತೀವಿ. ಅವರು ಹೋದ ಮೇಲೆ ಅಣ್ಣ ನನ್ನ ಮೇಲೆ ರೇಗಾಡಿದ. ಅವನದೂ ತಪ್ಪೇನಿದೆ? ತಂಗಿಗೆ ಬೇಕಾದದ್ದು ಸಿಗಲಿ ಎಂದು, ನಮ್ಮ ಮನೆಯಲ್ಲಿ ರೂಢಿಯಿದ್ದ ಒಂದೇ ದಾರಿಯಲ್ಲಿ ನಡೆದಿದ್ದ.

ಆ ವಾರವೆಲ್ಲ ಫೋನು ಬರಲಿಲ್ಲ. ಸಂಜೆ ಕವಿತೆಯ ಪುಸ್ತಕ ಹಿಡಿದು ಕೂರುತ್ತಿದ್ದೆ. ನೀನೊಮ್ಮೆ ನನ್ನ ಪುಸ್ತಕದೊಳಗೆ ಇಣುಕಿ, ಇಷ್ಟಿಷ್ಟೇ ಬರೆದು ಉಳಿದ ಹಾಳೆಯನ್ನು ಯಾಕೆ ಖಾಲಿ ಬಿಡುತ್ತಾರೆ, ಎಂಥ ದಂಡ ಎಂದಿದ್ದೆಯಲ್ಲ. ನನ್ನ ಕಣ್ಣು ಆ ಖಾಲಿಯಲ್ಲೇ ನಿಂತುಬಿಡುತ್ತಿತ್ತು. ಒಂದು ಸಂಜೆ ಒಂದು ಸಣ್ಣ ವಿಷಯ ಹೊಳೆಯಿತು. ಆಗ ಬಂದುಹೋದವರಲ್ಲಿ ಒಬ್ಬರ ಮನೆಗೂ ಹೋಗಿ, ಯಾಕೆ ಬೇಡ ಎಂದು ನಾವು ಕೇಳಿರಲಿಲ್ಲ. ಕೇಳಬಾರದಿತ್ತು, ಹೆಣ್ಣಿನ ಕಡೆಯವರು. ಆದರೆ ಈಗ ನಾನು ಯಾರ ಕಡೆಯವಳು? ಚಪ್ಪಲಿ ಮೆಟ್ಟಿ ಆಶ್ರಯಕ್ಕೆ ನಡೆದೆ.

ಮಾಲನಬಾಯಿ ದೊಡ್ಡ ಪಾತೇಲಿಯಲ್ಲಿ ನಾಯಿಗಳ ಅನ್ನ ಕಲಸುತ್ತಿದ್ದರು. ನಾನು ಕೇಳಿದೆ, ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ನೌಕರಿಯ ಹೆಣ್ಣುಮಗಳು, ಮನೆಗೆ ಹಗಲೆಲ್ಲ ಬೀಗ. ಈ ನಾಯಿಗೆ ಒಮ್ಮೆ ಬಿಟ್ಟುಹೋದವರ ನೆನಪಿದೆ, ಬೀಗದ ಸದ್ದು ಕೇಳಿದರೆ ಅಳುತ್ತದೆ. ಕೊಟ್ಟು ಮತ್ತೆ ತರುವುದಕ್ಕಿಂತ ಕೊಡದಿರುವುದೇ ಒಳ್ಳೆಯದು. ಅವರ ಮಾತಿನಲ್ಲಿ ನ್ಯಾಯವಿತ್ತು. ನಾನು ವಾದಿಸಲಿಲ್ಲ. ನನ್ನ ಮನೆಯನ್ನು ಒಮ್ಮೆ ನೋಡಿ ಬೇಡ ಅನ್ನಿ, ನೋಡದ ಮನೆಗೆ ಬೇಡ ಅನ್ನಬೇಡಿ ಎಂದೆ. ಅವರು ಕೈ ತೊಳೆದುಕೊಂಡು, ಆಗಲೇ ನನ್ನ ಜತೆ ಹೊರಟರು.

ನಮ್ಮ ಮನೆ ಹೇಗಿತ್ತೋ ಹಾಗೇ ಇತ್ತು. ಹಗ್ಗದ ಮೇಲೆ ಬಟ್ಟೆ, ಸಿಂಕಿನಲ್ಲಿ ಬೆಳಗಿನ ಪಾತ್ರೆ. ಮಾಲನಬಾಯಿ ಎರಡೂ ಕೋಣೆ ನೋಡಿದರು, ಹಿತ್ತಲಿನ ಗೋಡೆಯ ಎತ್ತರ ನೋಡಿದರು. ಆಮೇಲೆ ಒಳಕೋಣೆಯ ಕಿಟಕಿಯ ಪಕ್ಕ ಗೋಡೆಗೆ ಹೊಡೆಸಿದ್ದ ಕಬ್ಬಿಣದ ಹಿಡಿಕೆಯನ್ನು ನೋಡಿ ಇದೇನು ಎಂದರು. ನೀನು ಹಿಡಿದು ಎದ್ದು ನಿಲ್ಲಲೆಂದು ನಾನು ಹಾಕಿಸಿದ್ದು. ನಿನಗೆ ಒಂದು ದಿನವೂ ಎದ್ದು ನಿಲ್ಲಲಾಗಲಿಲ್ಲ. ಅದನ್ನು ಕೀಳಿಸುವುದು ನನಗೆ ಹೊಳೆದಿರಲಿಲ್ಲ, ಅಷ್ಟೆ. ಅವ್ವನಿಗೆ ಲಕ್ವಾ ಹೊಡೆದಿತ್ತು, ಎರಡು ವರ್ಷ ಇಲ್ಲೇ ಮಲಗಿದ್ದಳು ಎಂದೆ.

"ಆವಾಗ ನೌಕರಿ ಬಿಟ್ಟಿದ್ರೇನು?"

"ಇಲ್ರಿ."

"ಮತ್ತ ಯಾರು ನೋಡಿಕೊಂಡ್ರು?"

"ನಾನೇ. ಮಧ್ಯಾಹ್ನ ಬಿಡುವಿನಾಗ ಮನಿಗೆ ಬರ್ತಿದ್ದೆ. ಉಣಿಸಿ, ಬಟ್ಟೆ ಬದಲ ಮಾಡಿ, ಮತ್ತ ಹೋಗ್ತಿದ್ದೆ."

"ದಿನಾ?"

"ದಿನಾ."

ಮಾಲನಬಾಯಿ ಹಿಡಿಕೆಯನ್ನು ಒಮ್ಮೆ ಎಳೆದು, ಗಟ್ಟಿಯಿದೆಯೇ ಎಂದು ನೋಡಿದರು. ನಿನ್ನನ್ನು ನೋಡಿಕೊಂಡ ಆ ವರ್ಷಗಳನ್ನು ನಾನು ಯಾರ ಮುಂದೂ ಅರ್ಹತೆಯೆಂದು ಹೇಳಿಕೊಂಡವಳಲ್ಲ. ಅಂದೂ ಹೇಳಿಕೊಳ್ಳಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಆದರೆ ಒಂದು ಮಾತು ನಿನಗೆ ಹೇಳಬೇಕು. ನನ್ನ ಪರವಾಗಿ ಎಷ್ಟೊಂದು ಸುಳ್ಳು ಹೇಳಿ ಬೆವರಿದವಳು ನೀನು. ಕಡೆಗೆ ಕೆಲಸಕ್ಕೆ ಬಂದದ್ದು ನೀನು ಹೇಳಲಾರದೆ ಮಲಗಿದ್ದ ಆ ಎರಡು ವರ್ಷ. ವಿಚಿತ್ರವಲ್ಲವೇ? ಹೊರಡುವಾಗ ಮಾಲನಬಾಯಿ ಬಾಗಿಲಲ್ಲಿ ನಿಂತು ಹೇಳಿದರು, "ಬರೋ ಅಮಾಸಿ ತನಕಾ ನೋಡೂಣು. ಅಳೋದು ನಿಂದರಲಿಲ್ಲಾಂದ್ರ ವಾಪಸ್ ಒಯ್ತೀನಿ. ಆವಾಗ ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ."

ಚಂಪಾ ಬಂದ ದಿನ ವೈನಿ ಯಾರಿಗೂ ಹೇಳದೆ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಅಣ್ಣ ಇನ್ನೂ ಮುನಿಸಿಕೊಂಡಿದ್ದ, ಬರಲಿಲ್ಲ. ಮನೆಗೆ ಮೊದಲ ಸಲ ಬರುವವರನ್ನು ಹಾಗೇ ಒಳಗೆ ಕರೆಯುತ್ತಾರೆಯೇ ಎಂದು ವೈನಿ ನಮ್ಮನ್ನು ಬಾಗಿಲಲ್ಲೇ ತಡೆದಳು. ಒಂದು ತುಂಡು ರೊಟ್ಟಿಯನ್ನು ಚಂಪಾಳ ಮುಖದ ಸುತ್ತ ನಿವಾಳಿಸಿದಳು, ಮದುಮಗಳಿಗೆ ನಿವಾಳಿಸುವಂತೆ. ಆ ತುಂಡನ್ನು ದೂರ ಎಸೆಯಬೇಕು, ಯಾವುದಾದರೂ ನಾಯಿ ತಿನ್ನುತ್ತದೆ, ದೃಷ್ಟಿ ಅದರ ಜತೆ ಹೋಗುತ್ತದೆ. ವೈನಿಯ ಕೈ ಮೂರನೆಯ ಸುತ್ತು ಮುಗಿಸುವಷ್ಟರಲ್ಲಿ ಚಂಪಾ ಕತ್ತು ಚಾಚಿ, ಅವಸರವಿಲ್ಲದೆ, ಅದನ್ನು ತೆಗೆದುಕೊಂಡು ತಿಂದಳು. ವೈನಿ ಖಾಲಿ ಕೈಯನ್ನೇ ನೋಡುತ್ತ ನಿಂತಳು. "ತನ್ನ ದೃಷ್ಟಿ ತಾನೇ ತಿಂದಳಲ್ಲ ಇಕಿ," ಎಂದು ನಗತೊಡಗಿದವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಈ ಮನೆಯಲ್ಲಿ ಅಷ್ಟು ದೊಡ್ಡ ನಗು ಕೇಳಿ ಬಹಳ ದಿನವಾಗಿತ್ತು. ನನ್ನದೂ ಸೇರಿತ್ತೋ ಏನೋ.

ಮರುದಿನದಿಂದ ಅಳು ಶುರುವಾಯಿತು. ನಾನು ಬೀಗ ಹಾಕುವುದೇ ತಡ, ಒಳಗಿಂದ ಸಣ್ಣ ದನಿ, ಓಣಿಯ ತಿರುವಿನವರೆಗೂ ಬೆನ್ನು ಹತ್ತಿ ಬರುತ್ತಿತ್ತು. ಪಕ್ಕದ ಮನೆಯ ಶಮೀಮ್ ಆಪಾ ಗೋಡೆಯ ಮೇಲಿಂದ ಹೆಸರು ಹಿಡಿದು ಕರೆದು ನೋಡಿದರಂತೆ, ಹಾಡು ಹಚ್ಚಿ ನೋಡಿದರಂತೆ. "ನನ್ನ ಮಕ್ಕಳೂ ಇಷ್ಟು ಅತ್ತಿಲ್ಲ ಟೀಚರಮ್ಮಾ," ಎಂದರು. ದೂರಲಿಲ್ಲ, ಆದರೆ ಕಣ್ಣ ಕೆಳಗೆ ಕಪ್ಪಾಗಿತ್ತು. ಮಧ್ಯಾಹ್ನ ನಾನು ಓಡಿ ಬರುತ್ತಿದ್ದೆ. ಚಂಪಾ ಬಾಗಿಲಿಗೆ ಮೂಗು ಒತ್ತಿ ನಿಂತಿರುತ್ತಿದ್ದಳು, ಬಾಗಿಲ ಬುಡವೆಲ್ಲ ಕೆರೆದು ಬಿಳಿಚಿಕೊಂಡಿತ್ತು. ಮಾಲನಬಾಯಿ ಫೋನು ಮಾಡಿ ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿದೆ. ಅವರು ಹೂಂ ಎಂದು ಇಟ್ಟರು. ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಒಯ್ದರೆ ಒಯ್ಯಲಿ ಎಂದು ಮನಸ್ಸಿಗೆ ಹೇಳಿ ನೋಡಿದೆ. ಹೇಳಲು ಬಂತು, ಆದರೆ...

ಮೊನ್ನೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ ಬಿದ್ದು ಮಧ್ಯಾಹ್ನ ಬರಲಾಗಲಿಲ್ಲ. ಬಿಡುವಾದದ್ದು ಸಂಜೆಗೆ. ಆಟೋ ಹಿಡಿದು ತಿರುವಿನಲ್ಲಿ ಇಳಿದರೆ ಓಣಿ ನಿಶ್ಶಬ್ದ. ಆ ನಿಶ್ಶಬ್ದ ನನಗೆ ಗೊತ್ತು ಅವ್ವಾ, ನೀನು ಹೋದ ದಿನವೂ ಇದೇ ಬಾಗಿಲ ಹೊರಗೆ ಅದನ್ನೇ ಕೇಳಿದ್ದೆ. ಬೀಗ ತೆಗೆದೆ. ಒಳಗೆ ಹೋದರೆ ಚಂಪಾ ಅಡುಗೆಮನೆಯ ತಣ್ಣನೆಯ ಫರ್ಸಿಗಲ್ಲಿನ ನೆಲದ ಮೇಲೆ, ಬಾಗಿಲಿಗೆ ಬೆನ್ನು ಹಾಕಿ, ಕಾಲು ಚಾಚಿ ನಿದ್ದೆ ಮಾಡುತ್ತಿದ್ದಳು. ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು. ನನ್ನ ಹೆಜ್ಜೆಗೆ ಒಂದು ಕಣ್ಣು ತೆರೆದಳು, ನಾನೇ ಎಂದು ನೋಡಿದಳು, ಮುಚ್ಚಿದಳು.

ನೀನು ಬಾಗಿಲ ಕಡೆ ಮುಖ ಮಾಡಿಯೇ ಮಲಗುತ್ತಿದ್ದೆ. ನಾನು ಬರುತ್ತೇನೆ ಎಂದು ನಿನಗೆ ಗೊತ್ತಿರಲಿಲ್ಲವೆಂದಲ್ಲ, ಆದರೂ ಕಾಯುತ್ತಿದ್ದೆ. ಇವಳು ಕಾಯುವುದನ್ನು ಬಿಟ್ಟಿದ್ದಾಳೆ.

ಮಾಲನಬಾಯಿಗೆ ಫೋನು ಹಚ್ಚಿ, ಮಲಗಿದ್ದಾಳೆ ಎಂದಷ್ಟೇ ಹೇಳಿದೆ. ಆ ಕಡೆ ನಾಯಿಗಳ ಗದ್ದಲ. ಅದರ ನಡುವೆಯೇ ಅವರೆಂದರು, "ಹಂಗಾರ ನಿಮ್ಮಾಕಿ ಆದಳು. ಮಲಗಲಿ ಬಿಡ್ರಿ."

ಸೀರೆಯನ್ನೂ ಬದಲಿಸದೆ, ಅವಳನ್ನು ದಾಟಿ ಒಲೆಯ ಹತ್ತಿರ ಹೋಗಿ, ಪಾತ್ರೆ ಸದ್ದಾಗದಂತೆ ಚಹಾಕ್ಕೆ ಇಟ್ಟೆ.

ನಿನ್ನ
ಶಶಿ