ಮೂರು ದಿನಕ್ಕೆ ಮುಚ್ಚಿದ ಕಡತ

ಚಿಕಿತ್ಸಾ ಮಂಜೂರಾತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ಕೊಡುತ್ತೇವೆಂದದ್ದು: ಮೂರು ವಾರಕ್ಕೊಂದು ಇಮ್ಯುನೊಥೆರಪಿ ಇಂಜೆಕ್ಷನ್, ಜೊತೆಗೆ ವಾರಕ್ಕೊಂದು ವಿಟಮಿನ್ ಡಿ ಪೊಟ್ಟಣ. ಕೊಟ್ಟದ್ದು: ಎರಡು ಇಂಜೆಕ್ಷನ್. ನಿರಾಕರಿಸಿದ್ದು: ಮೂರನೆಯದು ಮತ್ತು ಮುಂದಿನವೆಲ್ಲ. ಪೊಟ್ಟಣ ಮಾತ್ರ ಇಂದಿಗೂ ತಪ್ಪದೆ ಬರುತ್ತಿದೆ.

ಹನಗೋಡಿನ ಪಕ್ಕದ ನಮ್ಮೂರಿನ ನಿಂಗಯ್ಯನವರ ಮೂತ್ರಪಿಂಡದ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದೆ. ದೇಹದ ಸ್ವಂತ ಶಕ್ತಿಯನ್ನೇ ರೋಗದ ಮೇಲೆ ಎತ್ತಿಕಟ್ಟುವ ಇಂಜೆಕ್ಷನ್ ಇದು. ವಿಟಮಿನ್ ಡಿ ಜೊತೆಗಿದ್ದರೆ ಹೆಚ್ಚು ಫಲವುಂಟೇ ಎಂದು ಇನ್ನೂ ನೋಡುತ್ತಿದ್ದೇವೆ, ಖಾತ್ರಿಯಿಲ್ಲ ಎಂದು ವೈದ್ಯರು ಪ್ರಾಮಾಣಿಕವಾಗಿಯೇ ಹೇಳಿದ್ದರು. ಖಾತ್ರಿಯನ್ನು ನಾವೂ ಕೇಳಲಿಲ್ಲ. ಎರಡು ಇಂಜೆಕ್ಷನ್ ಆದಮೇಲೆ ಅವರು ಕೆಮ್ಮದೆ ಊಟ ಮುಗಿಸುತ್ತಿದ್ದರು. ನಮಗಷ್ಟೇ ಸಾಕಿತ್ತು.

ಮೂರನೆಯದರ ದಿನ ನಿಂಗಯ್ಯ ಮೈಸೂರಿನ ಆಸ್ಪತ್ರೆಗೆ ಹೋಗಲಿಲ್ಲ. ನಿಜ. ಅಂದು ಮೂರು ಮನೆಯ ಹೊಗೆಸೊಪ್ಪು ಸೊಪ್ಪು ಹದಮಾಡುವ ಒಂದೇ ಬ್ಯಾರನ್ನಿನ ಬಿಸಿಯಲ್ಲಿ ಬೇಯುತ್ತಿತ್ತು. ಎಲೆಗೆ ಬಣ್ಣ ಕೂರುವಾಗ ಶಾಖ ನೋಡುವವನು ಎದ್ದುಹೋಗುವ ರೂಢಿ ನಮ್ಮಲ್ಲಿಲ್ಲ. ಸೌದೆ ಹಾಕಲು ನಾವಿದ್ದೆವು. ಎಷ್ಟು ಹಾಕಬೇಕೆಂದು ಕುರ್ಚಿಯಲ್ಲಿ ಕೂತು ಹೇಳಲು ಅವರೊಬ್ಬರೇ. "ನಾನ್ ಎದ್ದೋದ್ರೆ ಸೊಪ್ಪು ಕರ್ರಗಾಯ್ತದೆ ಕಣಪ್ಪ. ಮೂರು ದಿನ ತಡೆದ್ರೆ ನನಗೇನಾಗಕಿಲ್ಲ ಬುಡು," ಎಂದರು. ತಪ್ಪು. ಬಿಟ್ಟ ನಮ್ಮದೂ ತಪ್ಪು. ಅವರ ಮಗಳು ರೂಪಶ್ರೀ ಆಸ್ಪತ್ರೆಗೆ ಫೋನ್ ಮಾಡಿ ತಿಳಿಸಿದಳು. ಆಯಿತು, ಬನ್ನಿ ಎಂದರು. ಯಾರೂ ಬರೆದುಕೊಳ್ಳಲಿಲ್ಲ.

ಮೂರು ದಿನ ಬಿಟ್ಟು ನಿಂಗಯ್ಯ ಆಸ್ಪತ್ರೆಗೆ ಹೋದಾಗ, ‘ರೋಗಿ ಚಿಕಿತ್ಸೆ ತೊರೆದಿದ್ದಾರೆ’ ಎಂದು ಷರಾ ಬರೆದು ನಿಮ್ಮವರು ಕಡತ ಮುಚ್ಚಿದ್ದರು. ತೊರೆದವರು ಕಿಟಕಿಯೆದುರು ಚೀಟಿ ಹಿಡಿದು ನಿಂತಿದ್ದರು, ಮಾನ್ಯರೇ. ಹೊಸ ಅರ್ಜಿ ಕೊಡಿ, ಸಮಿತಿ ಸೇರಿದಾಗ ನೋಡೋಣ ಎಂದರು ನಿಮ್ಮವರು. ಆ ಬಳಿಕ ನಿಮ್ಮ ಸಮಿತಿ ಎರಡು ಸಲ ಸಭೆ ಮುಂದೂಡಿದೆ. ಅಧ್ಯಕ್ಷರು ಕರ್ತವ್ಯ ತೊರೆದಿದ್ದಾರೆ ಎಂದು ಎಲ್ಲಾದರೂ ಷರಾ ಬಿತ್ತೇ?

ಮೊನ್ನೆ ಪೊಟ್ಟಣ ತಂದ ಆಶಾ ಕಾರ್ಯಕರ್ತೆಯನ್ನು ನಿಂಗಯ್ಯನವರ ಹೆಂಡತಿ ಪುಟ್ಟಲಕ್ಷ್ಮಿ ಕೇಳಿದರು: "ಬುಟ್ಟೋದ ಅಂತ ಬರ್ಕೊಂಡವ್ರಲ್ಲ, ಇದ ಯಾರಿಗವ್ವ ತಂದೀಯ?" ಆ ಹೆಣ್ಣುಮಗಳು ಪೊಟ್ಟಣ ಕೊಟ್ಟು ಪಟ್ಟಿಯಲ್ಲಿ ಸಹಿ ಹಾಕಿಸಿಕೊಂಡಳು. ಉತ್ತರ ನಿಮ್ಮಲ್ಲಿದೆಯೇ?

ಕೆಮ್ಮು ಮರಳಿದೆ. ಇಂಜೆಕ್ಷನ್ ಈಗಲೂ ಕೊಡಬಹುದು, ಇನ್ನೂ ತಡವಾದರೆ ಹೇಳಲಾರೆ ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಕೂಗಾಡಲು ನಮ್ಮಲ್ಲಿ ಗಂಟಲು ಉಳಿದಿಲ್ಲ. ಷರಾ ಹೊಡೆದುಹಾಕಿ, ಕಡತ ತೆರೆಯಿರಿ, ನಿಂತ ಇಂಜೆಕ್ಷನ್ ಕೊಡಿಸಿ. ದಯೆ ಬೇಡ, ಸಹಿ ಸಾಕು. ಸಮಿತಿಯ ಮುಂದಿನ ಸಭೆ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆಂದು ನಿಮ್ಮ ಫಲಕದಲ್ಲಿದೆ. ನಿಂಗಯ್ಯನವರನ್ನು ಕರೆದುಕೊಂಡು ಹತ್ತೂವರೆಗೇ ಬಾಗಿಲಲ್ಲಿರುತ್ತೇವೆ.

ಇಂತಿ,
ಅಂದು ಅವರನ್ನು ಬಸ್ಸು ಹತ್ತಿಸದೆ ಬ್ಯಾರನ್ನಿನ ಒಲೆಗೆ ಸೌದೆ ಹಾಕಿದ
ತಿಮ್ಮಯ್ಯ